ಅನುಭವ ಬೇಕಂತೆ, ಸಂಬಳ ಮಾತ್ರ ಇಲ್ಲವಂತೆ

ನಿನ್ನೆ ಸಂಜೆ ನಮ್ಮ ಹಿಂದಿನ ಮನೆಯ ಹುಡುಗಿ ಮೊಬೈಲ್ ಹಿಡಿದುಕೊಂಡು ಬಂದಳು. 'ಅಕ್ಕಾ, ಕೆಲಸ ಸಿಕ್ಕಿತು' ಅಂದಳು. ಮುಖದಲ್ಲಿ ಖುಷಿ ಇರಲಿಲ್ಲ. ಮೇಲ್ ಓದಿದೆ. ಘಟ್ಟದ ಮೇಲಿನ ಕಾಡಿನಲ್ಲಿ ಆರು ತಿಂಗಳು ಹುಲಿ ಸಂಶೋಧನೆಯ ಫೀಲ್ಡ್ ಕೆಲಸ. ಸಂಬಳ ಇಲ್ಲ. ಊಟ, ಬಸ್ ಚಾರ್ಜು ಅವಳದ್ದೇ. ಸ್ವಂತ ಲ್ಯಾಪ್‌ಟಾಪ್, ಬೈಕ್ ಬೇಕು. ಕೊನೆಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರಂತೆ. ಮಂಗನ ಕಾಯಿಲೆಯ ಉಣುಗು ಇರುವ ಕಾಡದು. ವಿಮೆಯ ಬಗ್ಗೆ ಒಂದು ಸಾಲೂ ಇಲ್ಲ.

ಇದು ಅವಳ ಹನ್ನೆರಡನೇ ಅರ್ಜಿ. ಉಳಿದ ಹನ್ನೊಂದರಲ್ಲಿ ಜಾಸ್ತಿಯವಕ್ಕೆ ಉತ್ತರವೇ ಬರಲಿಲ್ಲ. ಬಂದ ಕಡೆಯೆಲ್ಲ ಒಂದೇ ಮಾತು, ಎರಡು ವರ್ಷದ ಅನುಭವ ಬೇಕು. ಆಗಷ್ಟೇ ಡಿಗ್ರಿ ಮುಗಿಸಿದವರಿಗೆ ಅಂತ ಕರೆದ ಪೋಸ್ಟುಗಳಿವು. ಎರಡು ವರ್ಷ ಎಲ್ಲಿಂದ ತರುವುದು ಮಾರಾಯ್ರೆ?

ನಮ್ಮ ಹೆಬ್ರಿಯಲ್ಲಿ, ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲೇ ಬೆಳೆದವಳು ಅವಳು. ಸಿಂಗಳೀಕದ ಕೂಗು ಕೇಳಿಯೇ ಗುಂಪು ಯಾವ ಕಡೆ ಇದೆ ಅಂತ ಕೈ ತೋರಿಸುತ್ತಾಳೆ. ಕೆಸರಿನ ಗೊರಸು ಕಡವೆಯದ್ದೋ ಕಾಡುಹಂದಿಯದ್ದೋ ಅಂತ ನಿಂತಲ್ಲೇ ಹೇಳುತ್ತಾಳೆ. ಇಂಬಳ ಅವಳಿಗೆ ಲೆಕ್ಕಕ್ಕೇ ಇಲ್ಲ. ಅವಳ ಅಮ್ಮ ಬೀಡಿ ಕಟ್ಟಿ ಕಾಲೇಜು ಫೀಸು ಕಟ್ಟಿದರು. ಇನ್ನು ಆರು ತಿಂಗಳು ಅದೇ ಅಮ್ಮ ಬೀಡಿ ಕಟ್ಟಿ ಹುಲಿ ಸಂಶೋಧನೆಗೂ ದುಡ್ಡು ಹಾಕಬೇಕಾ?

ನಾನು ಎಂಟು ವರ್ಷ ಕಾಡಲ್ಲಿ ಕೆಲಸ ಮಾಡಿದ್ದು ನಿಮಗೆಲ್ಲ ಗೊತ್ತು. ಮೊದಲ ನಾಲ್ಕು ತಿಂಗಳು ನನಗೂ ಸಂಬಳ ಇರಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಣ್ಣ ತಿಂಗಳಿಗೆ 3,000 ಕಳಿಸುತ್ತಿದ್ದ. ನನ್ನ ಬಯೋಡೇಟಾದಲ್ಲಿ ಅದು 'ಅನುಭವ' ಅಂತ ಕೂತಿದೆ. ಅಣ್ಣ ನಿಂತು ನಿಂತು ಕಾಲು ಬಾತು ಕೊಡಿಸಿದ ಅನುಭವ ಅದು. ಜೊತೆಗಿದ್ದ ಇಬ್ಬರಿಗೆ ಅಂಥ ಅಣ್ಣ ಇರಲಿಲ್ಲ, ಬಿಟ್ಟು ಹೋದರು. ಇಬ್ಬರಿಗೂ ನನಗಿಂತ ಚೆನ್ನಾಗಿ ಕಾಡು ಗೊತ್ತಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಮೇಲೆ ಒಂದು ಪ್ರಾಜೆಕ್ಟಿಗೆ ಜನ ಆರಿಸುವ ಕೆಲಸ ನನಗೇ ಬಂತು. ಅನುಭವದ ಕಾಲಂ ಖಾಲಿ ಇದ್ದ ಅರ್ಜಿಗಳನ್ನೆಲ್ಲ ನಾನೂ ಪಕ್ಕಕ್ಕಿಟ್ಟೆ. ಒಂದನ್ನೂ ಪೂರ್ತಿ ಓದಲಿಲ್ಲ. ನಿನ್ನೆ ಅವಳ ಮುಖ ನೋಡುವಾಗ ಆ ಅರ್ಜಿಗಳು ನೆನಪಾದವು. ನಾನು ಮಾಡಿದ್ದು ತಪ್ಪು.

ಅಷ್ಟಕ್ಕೂ ಕೆಲಸ ಎಂತದು? ಯಾವ ಹುಲಿ ಅಂತ ಪಟ್ಟೆ ನೋಡಿಯೇ ಗುರುತಿಸುವುದು, ಆದರೆ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಹಾಗೆ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟುತ್ತೇವೆ. ಬ್ಯಾಟರಿ, ಕಾರ್ಡು ಬದಲಿಸಬೇಕು. ಬೆಳಕು ಹರಿಯುವಾಗ ಟ್ರಾನ್ಸೆಕ್ಟ್ ಗೆರೆಯ ಮೇಲೆ, ಅಂದರೆ ಪ್ರಾಣಿ ಎಣಿಸಲಿಕ್ಕೆ ಮೊದಲೇ ಗುರುತು ಮಾಡಿಟ್ಟ ದಾರಿಯಲ್ಲಿ, ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ದೂರ ಎಷ್ಟು, ಯಾವ ಕೋನ ಅಂತ ರೇಂಜ್‌ಫೈಂಡರ್, ಕಂಪಾಸ್ ನೋಡಿ ಬರೆಯಬೇಕು. ಇಷ್ಟನ್ನು ಹದಿನೈದು ದಿನದಲ್ಲಿ ಕಲಿಸಬಹುದು. ನಾನೇ ಕಲಿಸಿದ್ದೇನೆ. ಕಣ್ಣು, ಕಿವಿ ಪಳಗಲಿಕ್ಕೆ ಮಾತ್ರ ವರ್ಷಗಳು ಬೇಕು. ಅವಳಿಗೆ ಅದು ಆಗಲೇ ಪಳಗಿದೆ.

'ಸಂಸ್ಥೆಗಳ ಹತ್ತಿರ ದುಡ್ಡಿಲ್ಲ, ನಿಜವಾದ ಆಸಕ್ತಿ ಇದ್ದವರು ಸಂಬಳ ನೋಡುವುದಿಲ್ಲ' ಅನ್ನುತ್ತಾರೆ. ಅನುದಾನ ಸಿಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಕ್ಯಾಮೆರಾಕ್ಕೆ ದುಡ್ಡು ತೆಗೆದಿಡುತ್ತಾರೆ, ಜೀಪಿನ ಡೀಸೆಲಿಗೂ ತೆಗೆದಿಡುತ್ತಾರೆ. ಆಸಕ್ತಿ ಇದ್ದರೆ ಸುಮ್ನೆ ಹಾಕು ಅಂತ ಬಂಕಿನವನ ಹತ್ತಿರ ಯಾರೂ ಕೇಳುವುದಿಲ್ಲ. ಹುಡುಗಿಯ ಹತ್ತಿರ ಯಾಕೆ ಕೇಳುತ್ತೀರಿ? 2022ರ ಹುಲಿ ಗಣತಿಗೆ ದೇಶದ 32,588 ಜಾಗಗಳಲ್ಲಿ ಕ್ಯಾಮೆರಾ ಇಟ್ಟರು. ಕಾಲ್ನಡಿಗೆಯ ಸರ್ವೆಯೇ 6,41,449 ಕಿಲೋಮೀಟರ್. ಕರ್ನಾಟಕದಲ್ಲಿ 563 ಹುಲಿ ಅಂತ ಪೇಪರಿನಲ್ಲಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು ಅಲ್ವಾ? ಜನ ಕಾಡು ಸುತ್ತಿದ್ದಕ್ಕೇ ಆ ಲೆಕ್ಕ ಸಿಕ್ಕಿದ್ದು. ಸುತ್ತುವವರಿಗೆ ಊಟಕ್ಕಾದರೂ ಆಗುವಷ್ಟು ಕೊಡಿ. ದುಡ್ಡಿದ್ದ ಮನೆಯ ಮಕ್ಕಳು ಮಾತ್ರ ಮಾಡಬಹುದಾದ ಕೆಲಸ ಆಗಬಾರದು ಇದು.

ಆ ಮೇಲ್‌ಗೆ ಅವಳು ಇನ್ನೂ ಉತ್ತರ ಬರೆದಿಲ್ಲ. ಸೋಮವಾರ ಮಣಿಪಾಲದ ಮೊಬೈಲ್ ಅಂಗಡಿಯೊಂದರಲ್ಲಿ ಇಂಟರ್‌ವ್ಯೂ ಇದೆ, ಅಲ್ಲಿಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಸಂಬಳ ಕೊಡುವ ಫೀಲ್ಡ್ ಪೋಸ್ಟ್ ಯಾರಿಗಾದರೂ ಗೊತ್ತಿದ್ದರೆ ಅಷ್ಟರೊಳಗೆ ನನಗೆ ತಿಳಿಸಿ. ಅರ್ಜಿ ನಾನೇ ಕೂತು ಬರೆಸುತ್ತೇನೆ.