ಸ್ಪಷ್ಟನೆ: ಟರಾಂಟುಲಾ ಬೆಲೆಗೂ ವಿಷಕ್ಕೂ ನಂಟಿಲ್ಲ

ಟರಾಂಟುಲಾ ಎಂದರೆ ಕೆಲವರು ಹವ್ಯಾಸಕ್ಕಾಗಿ ಕೊಂಡು ಸಾಕುವ, ಮೈತುಂಬ ರೋಮವಿರುವ ದೊಡ್ಡ ಜೇಡ. ‘ವಿಷ ಜಾಸ್ತಿ ಇದ್ದಷ್ಟೂ ಟರಾಂಟುಲಾ ಬೆಲೆ ಜಾಸ್ತಿ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ತರುವ ಕೆಲವು ಜಾತಿಗಳು ಅಗ್ಗವಾಗಿಯೇ ಸಿಗುತ್ತವೆ. ಸುಮ್ನೆ ಕೂತಿರುವ ಸಾಧು ಜೇಡಗಳು ಅವಕ್ಕಿಂತ ದುಬಾರಿ ಆಗುವುದುಂಟು.

ಬೆಲೆ ಏರಿಸುವುದು ಮುಖ್ಯವಾಗಿ ಸಮಯ. ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾವನ್ನೇ ನೋಡಿ. ಅದು ತುಂಬಾ ನಿಧಾನವಾಗಿ ಬೆಳೆಯುತ್ತದೆ. ಹೆಣ್ಣು 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಹಾಗಾಗಿ ಬೆಳೆದ ಹೆಣ್ಣನ್ನು ಕೊಳ್ಳುವವರು ಯಾರೋ ವರ್ಷಗಟ್ಟಲೆ ಸಾಕಿದ ಶ್ರಮಕ್ಕೂ ದುಡ್ಡು ಕೊಡುತ್ತಾರೆ, ಅಲ್ವಾ? ಉಗುರಿಗಿಂತ ಚಿಕ್ಕ ಮರಿ ಅಗ್ಗ. ಅದು ಗಂಡೋ ಹೆಣ್ಣೋ ಆಗ ತಿಳಿಯುವುದು ಕಷ್ಟ. ಸ್ವಲ್ಪ ಬೆಳೆದ ಮೇಲೆ ಕಳಚಿದ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬಹುದು. ‘ಹೆಣ್ಣು’ ಎಂದು ಖಚಿತವಾದರೆ ಬೆಲೆ ಜಿಗಿಯುತ್ತದೆ.

ಇನ್ನೊಂದು, ಮರಿ ಮಾಡಿಸುವುದು ಎಷ್ಟು ಸುಲಭ ಎಂಬುದು. ಕೆಲವು ಜಾತಿಗಳ ಒಂದೇ ಮೊಟ್ಟೆಚೀಲದಿಂದ ನೂರಾರು ಮರಿಗಳು ಬರುತ್ತವೆ. ಅಷ್ಟು ಮರಿ ಒಟ್ಟಿಗೆ ಬಂದರೆ ಬೆಲೆ ಇಳಿಯುತ್ತದೆ. ಕೆಲವದರಲ್ಲಿ ಗಂಡನ್ನು ಹೆಣ್ಣೇ ತಿಂದು ಮುಗಿಸುತ್ತದೆ, ಇಲ್ಲವೇ ತಾಯಿ ಮೊಟ್ಟೆಯನ್ನೇ ತಿನ್ನುತ್ತದೆ. ಅಂಥವು ಅಗ್ಗವಾಗುವುದು ಹೇಗೆ?

‘ಕಾಡಿನಲ್ಲಿ ಅಪರೂಪ, ಅದಕ್ಕೇ ದುಬಾರಿ’ ಎಂಬುದೂ ಅರ್ಧ ಸತ್ಯ. ಪೊಸಿಲೊಥೀರಿಯಾ ಮೆಟಾಲಿಕಾ ಎಂಬ ನೀಲಿ ಬಣ್ಣದ ಟರಾಂಟುಲಾ ಕಾಡಿನಲ್ಲಿ ಅಳಿವಿನಂಚಿನಲ್ಲಿದೆ. ಆದರೂ ಸಾಕಣೆಯಲ್ಲಿ ಮರಿಗಳು ಹೆಚ್ಚಿದಂತೆ ಅದರ ಬೆಲೆ ಇಳಿಯಿತು. ನೀಲಿ ಬಣ್ಣದ ಮೋಹ ಮಾತ್ರ ಇಳಿದಿಲ್ಲ, ಬಿಡಿ.