ನನ್ನ ಬಗ್ಗೆಯೇ ಇರುವ ಕಾಗದವನ್ನು ನಾನು ಮುಟ್ಟಬಾರದಂತೆ

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬೇಕಾದವಳು ಇದನ್ನು ಬರೆಯುತ್ತಾ ಕೂತಿದ್ದೇನೆ. ಸಿಟ್ಟು ಇಳಿಯದೆ ನಿದ್ದೆ ಬರುವ ಜಾತಿ ನನ್ನದಲ್ಲ, ನಿಮಗೆಲ್ಲ ಗೊತ್ತೇ ಇದೆ.

ಬೆಳಿಗ್ಗೆ ಹ್ಯಾಂಡ್‌ಓವರ್ ಕೊಟ್ಟು ಬಟ್ಟೆ ಬದಲಿಸಲು ಹೋದರೆ ನಮ್ಮ ಐಸಿಯುವಿನ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಲಿಂಗಸುಗೂರು ಕಡೆಯವಳು. ರಾತ್ರಿಯಿಡೀ ಎರಡು ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡು, ನಾಲ್ಕು ಗಂಟೆಗೆ ಪಕ್ಕದ ಬೆಡ್ಡಿನವರಿಗೆ ಸಿಪಿಆರ್ ಕೊಡಲು ಓಡಿ, ಆಮೇಲೆ ಏನೂ ಆಗದವಳಂತೆ ಚಾರ್ಟ್ ಬರೆದವಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಇದೇ ಮೊದಲು. ಏನಾಯಿತು ಎಂದರೆ ಮೊಬೈಲ್ ನನ್ನ ಮುಂದೆ ಹಿಡಿದಳು. "ಅಕ್ಕಾ, ಕವರ್ ತಿರಸ್ಕರಿಸಿದ್ದಾರೆ."

ಅಮೆರಿಕದಲ್ಲಿ ನರ್ಸ್ ಆಗಲು ಅಲ್ಲಿನ ಪರಿಶೀಲನಾ ಸಂಸ್ಥೆಗೆ ಕಳುಹಿಸಿದ, ಅವಳ ಕಾಲೇಜಿನ ಅಂಕಪಟ್ಟಿಯಿದ್ದ ಕವರ್ ಅದು. ಕವರಿನ ಬಾಯಿಯ ಮೇಲೆ ಕಾಲೇಜಿನ ಮೊಹರು ಇಲ್ಲವಂತೆ. ಅದಕ್ಕಿಂತ ದೊಡ್ಡ ಅಪರಾಧವೆಂದರೆ ಕಳುಹಿಸಿದವರ ಜಾಗದಲ್ಲಿ ಅವಳದೇ ಹೆಸರು ಇದೆಯಂತೆ. ಇರದೆ ಏನು? ವಿದೇಶಕ್ಕೆ ಹೋಗುವ ಕವರಿಗೆ ಕೊರಿಯರ್ ಅಂಗಡಿಯವನು ಗುರುತಿನ ಚೀಟಿ ಕೇಳುತ್ತಾನೆ. ಕೌಂಟರಿನ ಮುಂದೆ ನಿಂತವಳು ಅವಳು, ದುಡ್ಡು ಕೊಟ್ಟವಳು ಅವಳು, ಆಧಾರ್ ತೋರಿಸಿದವಳು ಅವಳು. ಪ್ರಿನ್ಸಿಪಾಲರು ತಮ್ಮ ಆಧಾರ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಬರುತ್ತಾರೆಯೇ?

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಮೆರಿಕದಲ್ಲಿ ನರ್ಸ್‌ಗೆ ಪರವಾನಗಿ ಕೊಡುವುದು ದೇಶವಲ್ಲ, ಆಯಾ ರಾಜ್ಯದ ನರ್ಸಿಂಗ್ ಬೋರ್ಡು. ಒಂದು ರಾಜ್ಯವನ್ನು ಆರಿಸಿಕೊಂಡು ಅರ್ಜಿ ಹಾಕಬೇಕು. ನಾವು ಓದಿದ್ದು ಅವರ ಓದಿಗೆ ಸಮವೋ ಅಲ್ಲವೋ ಎಂದು ಪರಿಶೀಲನಾ ಸಂಸ್ಥೆಯೊಂದು ತೂಗಿ ನೋಡಿ ಬೋರ್ಡಿಗೆ ವರದಿ ಕೊಡಬೇಕು. ಜೊತೆಗೆ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ, ಅದನ್ನು ನಡೆಸುವ ಪಿಯರ್ಸನ್ ವ್ಯೂ ಕಂಪನಿಯಲ್ಲಿ ನೋಂದಣಿ, ಅದಕ್ಕೆ 200 ಡಾಲರ್. ಅಮೆರಿಕದ ಹೊರಗೆ ಕೂತು ಬರೆಯುವುದಾದರೆ ದಿನಾಂಕ ಗೊತ್ತು ಮಾಡುವಾಗ ಇನ್ನೂ 150 ಡಾಲರ್, ಅದರ ಮೇಲೆ ತೆರಿಗೆ. ಬೋರ್ಡು ನಮ್ಮನ್ನು ಅರ್ಹಳು ಎಂದರೆ ಮಾತ್ರ ಎಟಿಟಿ ಎಂಬ ಅನುಮತಿ ಪತ್ರ ಇ-ಮೇಲ್‌ನಲ್ಲಿ ಬರುತ್ತದೆ. ಅದರಲ್ಲಿ ಬರೆದಿರುವ ದಿನಗಳೊಳಗೆ ಪರೀಕ್ಷೆ ಬರೆಯದಿದ್ದರೆ ದುಡ್ಡು ಹೋಯಿತು. ನೋಂದಣಿ ಮಾಡಿದ 365 ದಿನಗಳೊಳಗೆ ಬೋರ್ಡು ಹೂಂ ಅನ್ನದಿದ್ದರೂ ಹೋಯಿತು. ನಮ್ಮ ಹುಡುಗಿ 200 ಡಾಲರ್ ಕಟ್ಟಿ ಏಳು ತಿಂಗಳಾಗಿದೆ. ಈಗ ಅರ್ಥವಾಯಿತಲ್ಲ, ಯಾಕೆ ಅಳುತ್ತಿದ್ದಳು ಎಂದು.

ಪರೀಕ್ಷೆ ಕಷ್ಟ, ಒಪ್ಪುತ್ತೇನೆ. ಕಷ್ಟವೇ ಇರಲಿ. ನಾಳೆ ಯಾರದೋ ಅಮ್ಮನ ಕೈಗೆ ಸೂಜಿ ಚುಚ್ಚುವವಳು ಐದು ಗಂಟೆ ಕೂತು ಪ್ರಶ್ನೆಗಳಿಗೆ ಉತ್ತರಿಸಲಿ. ಫೀಸು ಹೆಚ್ಚು, ಅದನ್ನೂ ಹಲ್ಲು ಕಚ್ಚಿಕೊಂಡು ಕಟ್ಟುತ್ತೇವೆ. ನನ್ನ ತಕರಾರು ಇರುವುದು ಒಂದೇ ಒಂದರ ಮೇಲೆ. ಆ ಕವರಿನ ಮೇಲೆ. ನನ್ನ ಅಂಕಗಳು, ನಾನು ವಾರ್ಡಿನಲ್ಲಿ ಕಳೆದ ಗಂಟೆಗಳು, ನಾನು ಮಾಡಿಸಿದ ಹೆರಿಗೆಗಳು, ಎಲ್ಲ ನನ್ನವೇ. ಆದರೆ ಅದನ್ನು ಬರೆದ ಕಾಗದ ಕಾಲೇಜಿನಿಂದ ನೇರ ಅಲ್ಲಿಗೆ ಹೋಗಬೇಕು. ನನ್ನ ಕೈ ಸೋಕಿದರೆ ಮೈಲಿಗೆ.

ಇದೇ ಕೈಗೆ ಆಸ್ಪತ್ರೆಯವರು ಮಾರ್ಫಿನ್ ಕಪಾಟಿನ ಕೀಲಿ ಕೊಟ್ಟಿದ್ದಾರೆ, ಹನ್ನೊಂದು ವರ್ಷದಿಂದ.

ಹುಡುಗಿಯ ಹೆಸರಿನ ಕಥೆ ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು, ಅದರ ಮುಂದೆ ಎರಡು ಇನಿಷಿಯಲ್. ಮೊದಲನೆಯದು ಊರು, ಎರಡನೆಯದು ಅಪ್ಪ. ನಮ್ಮಲ್ಲಿ ಅರ್ಧ ರಾಜ್ಯದ ಹೆಸರು ಹೀಗೆಯೇ ಇದೆ, ಯಾರಿಗೂ ತೊಂದರೆಯಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಊರಿನ ಹೆಸರು ಸರ್‌ನೇಮ್ ಜಾಗದಲ್ಲಿ ಹೋಗಿ ಕೂತಿತು. ಈಗ ಅಮೆರಿಕದಿಂದ ಬರುವ ಪ್ರತಿ ಪತ್ರವೂ ಅವಳನ್ನು ಊರಿನ ಹೆಸರಿನಿಂದಲೇ ಕರೆಯುತ್ತದೆ, ಇಡೀ ಹಳ್ಳಿಯೇ ಎನ್‌ಕ್ಲೆಕ್ಸ್ ಕಟ್ಟಿದೆಯೇನೋ ಎಂಬಂತೆ. ಪರೀಕ್ಷೆಯ ದಿನ ತೋರಿಸುವ ಪಾಸ್‌ಪೋರ್ಟಿನ ಹೆಸರಿಗೂ ನೋಂದಣಿಯ ಹೆಸರಿಗೂ ತಾಳೆಯಾಗಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಅಂಕಪಟ್ಟಿಯವಳೂ ಪಾಸ್‌ಪೋರ್ಟಿನವಳೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ನೋಟರಿಯಿಂದ ಬರೆಸಿ ಕಳುಹಿಸಿದಳು. ಆ ಅಫಿಡವಿಟ್ಟನ್ನು ಮಾತ್ರ ಅವಳೇ ಕಳುಹಿಸಬಹುದು. ತಾನು ಯಾರು ಎಂಬುದನ್ನು ಅವಳು ಹೇಳಿದರೆ ನಂಬುತ್ತಾರೆ, ಎಷ್ಟು ಅಂಕ ತೆಗೆದಳು ಎಂದರೆ ನಂಬುವುದಿಲ್ಲ.

ವಾರ್ಡಿನಲ್ಲಿ ನಾವು ಏನು ಮಾಡುತ್ತೇವೆ ಹೇಳುತ್ತೇನೆ. ಔಷಧಿ ಕೊಡುವ ಮುಂಚೆ, ರಕ್ತ ಏರಿಸುವ ಮುಂಚೆ, ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ರೋಗಿಯನ್ನೇ ಕೇಳುತ್ತೇವೆ: "ನಿಮ್ಮ ಹೆಸರು ಹೇಳಿ." "ನೀವು ರಾಮಪ್ಪನವರಾ?" ಎಂದು ಕೇಳುವಂತಿಲ್ಲ. ಕಿವಿ ಕೇಳದ ಅಜ್ಜ ಎಲ್ಲದಕ್ಕೂ ಹೂಂ ಎನ್ನುತ್ತಾನೆ. ಅವನ ಬಾಯಿಂದಲೇ ಬರಬೇಕು. ಬಂದ ಮೇಲೆ ಕೈಪಟ್ಟಿ ನೋಡಬೇಕು, ಫೈಲು ನೋಡಬೇಕು. ಯಾಕೆಂದರೆ ಫೈಲಿನಲ್ಲಿ ತಪ್ಪಿದ್ದರೆ ಅದನ್ನು ಮೊದಲು ಕಂಡುಹಿಡಿಯುವವನು ಆ ಫೈಲು ಯಾರ ಬಗ್ಗೆ ಇದೆಯೋ ಅವನೇ. "ಸಿಸ್ಟರ್, ನನಗೆ ನೋವಿರುವುದು ಎಡಗಾಲು" ಎಂದು ಒಬ್ಬ ರೋಗಿ ಹೇಳಿದ್ದರಿಂದ ಒಂದು ಅನಾಹುತ ತಪ್ಪಿದ್ದನ್ನು ಕಣ್ಣಾರೆ ಕಂಡವಳು ನಾನು. ನರ್ಸಿಂಗಿನ ಮೊದಲ ಪಾಠವೇ ಇದು. ನರ್ಸ್‌ಗಳ ಕಾಗದಕ್ಕೆ ಬಂದಾಗ ಮಾತ್ರ ಪಾಠ ತಲೆಕೆಳಗು. ತಪ್ಪು ಹಿಡಿಯಬಲ್ಲ ಒಬ್ಬಳೇ ಒಬ್ಬಳನ್ನು ಹೊರಗೆ ನಿಲ್ಲಿಸಿ ಕವರಿಗೆ ಗೋಂದು ಹಚ್ಚುತ್ತಾರೆ.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಏಳೆಂಟು ವರ್ಷದಿಂದ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ.

ನಾನು ಆ ಕವರ್ ಒಡೆದಿದ್ದೆ.

2017ರ ಮಳೆಗಾಲ. ಕಾಲೇಜಿನ ಗುಮಾಸ್ತರು ಎಲ್ಲ ಮುಚ್ಚಿ, ಮೊಹರು ಒತ್ತಿ, ಕವರನ್ನು ನನ್ನ ಕೈಗೇ ಕೊಟ್ಟರು. "ನೀವೇ ಕಳುಹಿಸಿಬಿಡಿ ಅಮ್ಮ, ಹೊರದೇಶಕ್ಕೆ ಕಳುಹಿಸಲು ನಮ್ಮಲ್ಲಿ ದುಡ್ಡಿನ ಬಾಬತ್ತಿಲ್ಲ." ಅಂದರೆ ನಿಯಮ ಏನೇ ಇರಲಿ, ಕವರ್ ನಮ್ಮ ಕೈಯಲ್ಲೇ ಓಡಾಡುತ್ತದೆ. ಆ ರಾತ್ರಿ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಒಲೆಯ ಮೇಲೆ ಕುಕ್ಕರ್ ಇತ್ತು, ಹಬೆ ಬರುತ್ತಿತ್ತು. ಮುಂದಿನದು ನಿಮ್ಮ ಊಹೆಗೆ ಬಿಟ್ಟದ್ದು.

ಒಳಗಿನ ನಮೂನೆಯಲ್ಲಿ ಒಂದೊಂದು ವಿಷಯಕ್ಕೂ ತರಗತಿಯ ಗಂಟೆ ಎಷ್ಟು, ರೋಗಿಯ ಬಳಿ ಕಳೆದ ಗಂಟೆ ಎಷ್ಟು ಎಂದು ಬರೆಯಬೇಕು. ಮೆಡಿಕಲ್ ಸರ್ಜಿಕಲ್ ಸರಿ ಇತ್ತು. ಹೆರಿಗೆ ಸರಿ ಇತ್ತು. ಮಕ್ಕಳದೂ ಸರಿ. ಮಾನಸಿಕ ರೋಗಿಗಳ ಶುಶ್ರೂಷೆಯ ಮುಂದೆ ಸೊನ್ನೆ. ದೊಡ್ಡದಾದ, ದುಂಡಗಿನ, ಬಾಲ್‌ಪೆನ್ನಿನ ಸೊನ್ನೆ.

ಆ ಪೋಸ್ಟಿಂಗ್ ನಾನು ಮಾಡಿದ್ದು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು ಇದ್ದಳು, ಯಾರೊಂದಿಗೂ ಮಾತಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆಯುತ್ತಿದ್ದಳು. ಮೂರನೆಯ ವಾರ ಹೆಣೆಯುತ್ತಾ ಹೆಣೆಯುತ್ತಾ "ಎಣ್ಣೆ ಹಚ್ಚುವುದಿಲ್ಲವೇನೇ" ಎಂದಳು. ಅವಳು ಆಡಿದ ಮೊದಲ ಮಾತು. ಓಡಿ ಹೋಗಿ ಸಿಸ್ಟರ್‌ಗೆ ಹೇಳಿದ್ದೆ. ಆ ಗಂಟೆಗಳೆಲ್ಲ ಸೇರಿ ಸೊನ್ನೆ. ಆ ಸೊನ್ನೆ ಸಮುದ್ರ ದಾಟಿ ಹೋಗಿದ್ದರೆ, ಆ ವಿಷಯವನ್ನು ನಾನು ಓದಿಯೇ ಇಲ್ಲ ಎಂದು ವರದಿ ಬರುತ್ತಿತ್ತು. ಯಾಕೆ ಎಂದು ತಿಳಿಯುವ ಹೊತ್ತಿಗೆ ವರ್ಷ ಕಳೆಯುತ್ತಿತ್ತು.

ಕವರ್ ಒಡೆದೆ ಎಂದು ಗುಮಾಸ್ತರಿಗೆ ಹೇಳುವಂತಿಲ್ಲ. ಮಳೆಯಲ್ಲಿ ನೆನೆಯಿತು ಎಂದು ಸುಳ್ಳು ಹೇಳಿದೆ. ಸಾಕ್ಷಿಗೆ ಬೇರೊಂದು ಕವರನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ಹೋಗಿದ್ದೆ. ಹೊಸದು ಬರೆಯುವಾಗ, ಏನೂ ಗೊತ್ತಿಲ್ಲದವಳಂತೆ, "ಸರ್, ಸೈಕಿಯಾಟ್ರಿ ಗಂಟೆಗಳನ್ನು ಒಮ್ಮೆ ನೋಡಿಬಿಡಿ, ಕೆಲವರದ್ದು ಬಿಟ್ಟುಹೋಗುತ್ತದಂತೆ" ಎಂದೆ. ರಿಜಿಸ್ಟರ್ ತೆಗೆದು ನೋಡಿ "ಅಯ್ಯೋ, ಹೌದಲ್ಲ" ಎಂದು ತುಂಬಿದರು. ಕೆಟ್ಟ ಮನುಷ್ಯರಲ್ಲ. ಒಬ್ಬರೇ ಗುಮಾಸ್ತರು, ಸಾವಿರ ಹುಡುಗಿಯರ ಕಾಗದ. ತಪ್ಪಾಗುವುದು ಸಹಜ. ಸಹಜವಾಗಿ ಆಗುವ ತಪ್ಪನ್ನು ಯಾರೂ ನೋಡದಂತೆ ಗೋಂದು ಹಚ್ಚುವುದು ಯಾವ ನ್ಯಾಯ?

2018ರಲ್ಲಿ ಇದೇ ಬೆಂಗಳೂರಿನಲ್ಲಿ ಕೂತು ಬರೆದೆ. ಪಾಸೋ ಫೇಲೋ ಎಂದು ಖಚಿತವಾದ ಕೂಡಲೇ ಕಂಪ್ಯೂಟರ್ ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ಪರೀಕ್ಷೆ ಇದು. ನನಗೆ 75ನೇ ಪ್ರಶ್ನೆಗೆ ನಿಂತಿತು, ಪಾಸಾದೆ. ಪಾಸಾಗಿಯೂ ಯಾಕೆ ಇಲ್ಲೇ ಇದ್ದಾಳೆ ಎಂಬ ಕಥೆ ನಿಮಗೆ ಗೊತ್ತು. ವೀಸಾ ಸಾಲಿನಲ್ಲಿ ಭಾರತದವರ ಸರದಿ ಹತ್ತು ವರ್ಷಕ್ಕೂ ಹಿಂದೆ ನಿಂತಿದೆ, ಅಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು. ಅದು ಬೇರೆ ಪುರಾಣ, ಬಿಡಿ.

"ಹಾಗಾದರೆ ನಕಲಿ ಸರ್ಟಿಫಿಕೇಟ್‌ಗಳನ್ನು ತಡೆಯುವುದು ಹೇಗೆ ಮೇಡಂ?" ಎಂದು ಕೇಳುವವರು ಇಷ್ಟು ಹೊತ್ತಿಗೆ ಬೆರಳು ಮಡಿಸಿ ತಯಾರಾಗಿರುತ್ತೀರಿ. ನ್ಯಾಯವಾದ ಪ್ರಶ್ನೆ. ತರಗತಿಯ ಮುಖ ನೋಡದೆ ಪಾಸಾದವರನ್ನು ನಾನೂ ನೋಡಿದ್ದೇನೆ, ಅಂಥವರೊಂದಿಗೆ ಡ್ಯೂಟಿ ಮಾಡಿ ಒದ್ದಾಡಿದ್ದೇನೆ. ಆದರೆ 2023ರ ಜನವರಿಯಲ್ಲಿ ಅಮೆರಿಕದಲ್ಲೇ ಏನು ಬಯಲಾಯಿತು ನೆನಪಿದೆಯೇ? ಆ ತನಿಖೆಯ ಹೆಸರು ಆಪರೇಷನ್ ನೈಟಿಂಗೇಲ್. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟವಾಗಿದ್ದವು. ಕೊಂಡವರಲ್ಲಿ ಸುಮಾರು 2,400 ಮಂದಿ ಎನ್‌ಕ್ಲೆಕ್ಸ್ ಕೂಡ ಪಾಸು ಮಾಡಿದರು. ಅಲ್ಲಿ ಕಾಗದ ತಿದ್ದಿದ್ದು ಯಾವಳೋ ಹುಡುಗಿ ಕುಕ್ಕರಿನ ಹಬೆಯಲ್ಲಿ ಅಲ್ಲ. ಶಾಲೆಯದೇ ಹೆಸರು, ಶಾಲೆಯದೇ ಅಂಕಪಟ್ಟಿ. ಮೋಸ ಮಾಡುವ ಶಾಲೆ ಎಷ್ಟು ಚೆಂದವಾಗಿ ಬೇಕಾದರೂ ಕವರ್ ಮುಚ್ಚಿ ಮೊಹರು ಒತ್ತಬಲ್ಲದು. ಗೋಂದಿಗೆ ಸತ್ಯ ಸುಳ್ಳು ಗೊತ್ತಾಗುವುದಿಲ್ಲ.

ಪರೀಕ್ಷಾ ಕೇಂದ್ರದಲ್ಲಿ ಹಸ್ತವನ್ನು ಯಂತ್ರದ ಮೇಲೆ ಇಡಿಸಿ ಚರ್ಮದ ಕೆಳಗಿನ ರಕ್ತನಾಳಗಳ ನಕ್ಷೆ ತೆಗೆದುಕೊಳ್ಳುತ್ತಾರೆ. ಶೌಚಾಲಯಕ್ಕೆ ಹೋಗಿ ಬಂದರೆ ಮತ್ತೆ ತೋರಿಸಬೇಕು. ನನ್ನ ರಕ್ತನಾಳ ಓದಬಲ್ಲವರಿದ್ದಾರೆ. ನನ್ನ ಅಂಕಪಟ್ಟಿಯನ್ನು ನನಗೂ ಒಮ್ಮೆ ತೋರಿಸಿ, ಸರಿಯಿದೆಯೇ ಎಂದು ಕೇಳಿ, ಆಮೇಲೆ ಕಾಲೇಜಿನಿಂದಲೇ ಕಳುಹಿಸುವಂತೆ ಮಾಡಲು ಮಾತ್ರ ಯಾರಿಗೂ ದಾರಿ ಹೊಳೆಯುವುದಿಲ್ಲ. ಕಾಲೇಜಿನ ಅಧಿಕೃತ ಇ-ಮೇಲ್‌ನಿಂದ ಕಳುಹಿಸಿದರೂ ಆಗುತ್ತದೆ ಎಂದು ಹುಡುಗಿಗೆ ಒಮ್ಮೆ ಹೇಳಿದ್ದರಂತೆ. ಆ ಇ-ಮೇಲ್‌ನ ಪಾಸ್‌ವರ್ಡ್ ಗೊತ್ತಿದ್ದವರು ಹೋದ ವರ್ಷ ಕೆಲಸ ಬಿಟ್ಟಿದ್ದಾರಂತೆ.

ಇನ್ನು ಕೆಲವರು "ಏಜೆನ್ಸಿಗೆ ಕೊಟ್ಟುಬಿಡಿ, ಎಲ್ಲ ಅವರೇ ಮಾಡಿಸುತ್ತಾರೆ" ಎನ್ನುತ್ತೀರಿ. ಅಲ್ಲಿಗೆ ಸರಿಹೋಯಿತು. ದುಡ್ಡು ಕೊಟ್ಟು ಗೊತ್ತುಮಾಡಿಕೊಂಡ ಗುರುತಿಲ್ಲದ ಹುಡುಗ ಬೈಕಿನ ಡಿಕ್ಕಿಯಲ್ಲಿ ನನ್ನ ಅಂಕಪಟ್ಟಿ ಇಟ್ಟುಕೊಂಡು ಊರೆಲ್ಲ ಸುತ್ತಬಹುದು. ನಾನು ಮುಟ್ಟಬಾರದು.

ಹುಡುಗಿಗೆ ಮುಖ ತೊಳೆಸಿ, ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನಿಸಿ, ಹಾಸ್ಟೆಲ್‌ಗೆ ಕಳುಹಿಸಿ ಬಂದೆ. ಮಂಗಳವಾರ ಇಬ್ಬರಿಗೂ ಆಫ್ ಸಿಗುವಂತೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿದ್ದೇನೆ. ಸೋಮವಾರ ರಾತ್ರಿಯ ಬಸ್ಸಿಗೆ ಅವಳ ಕಾಲೇಜಿಗೆ ಹೊರಡುತ್ತೇವೆ. ಹೋದ ಸಲ ಕಚೇರಿಯಲ್ಲಿ ಗೋಂದು ಮುಗಿದಿತ್ತಂತೆ, ಆದ್ದರಿಂದ ಒಂದು ಬಾಟಲಿ ಕೊಂಡಿದ್ದೇವೆ. ಮೊಹರಿನ ಇಂಕ್ ಪ್ಯಾಡ್ ಒಣಗಿದೆಯಂತೆ, ಅದೂ ಒಂದು. ಕವರಿನ ಬಾಯಿಯ ಮೇಲೆ ಮೂರು ಕಡೆ ಮೊಹರು ಹಾಕಿಸಿ, ಗುಮಾಸ್ತರನ್ನೇ ಆಟೋದಲ್ಲಿ ಕೊರಿಯರ್ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಆಧಾರ್ ಕೊಡಿಸಿ ಕಳುಹಿಸುವುದು ನಮ್ಮ ಯೋಜನೆ. ಮುಚ್ಚುವ ಮುಂಚೆ ಐದು ನಿಮಿಷ ನಾನು ಗುಮಾಸ್ತರೊಂದಿಗೆ ಕಿಟಕಿಯ ಕಡೆ ತಿರುಗಿ ಮಳೆ ಬೆಳೆ ಮಾತಾಡುತ್ತಿರುತ್ತೇನೆ. ಆ ಐದು ನಿಮಿಷದಲ್ಲಿ ಅವಳು ಮೇಜಿನ ಮೇಲಿನ ಕಾಗದದಲ್ಲಿ ಏನು ಓದುತ್ತಾಳೆ ಎಂಬುದು ನನಗೆ ಗೊತ್ತಿಲ್ಲ.