ಗೋಡೆ ನೋಡಿ ಹೆದರಿದವರು, ಹೆದರದವರು

ಮುಂಬಯಿ ಕನ್ನಡಿಗರು ಎರಡು ಬಣವಾಗಲು ಇಷ್ಟು ಕಾಲ ಗಟ್ಟಿ ಕಾರಣಗಳೇ ಇದ್ದವು. ಸಂಘದ ಚುನಾವಣೆ, ಯಕ್ಷಗಾನದಲ್ಲಿ ತೆಂಕುತಿಟ್ಟೋ ಬಡಗುತಿಟ್ಟೋ, ರಾಜ್ಯೋತ್ಸವದ ವೇದಿಕೆಯಲ್ಲಿ ನಡುವಿನ ಕುರ್ಚಿ ಯಾರಿಗೆ, ಇಂಥವು. ಈಗ ಆ ಸಾಲಿಗೆ ಒಂದು ಗೋಡೆಯೂ ಸೇರಿಕೊಂಡಿದೆ. ಅದೂ ನಮ್ಮ ಗೋಡೆಯಲ್ಲ, ಕೆನಡಾದ್ದು.

ಎಡ್ಮಂಟನ್ನಿನ ಕೈಲ್ ಎಡ್ವರ್ಡ್ ಬಾಲ್ ಎಂಬವರು ತಾವು ಬೆಳೆದ ಮನೆಯಲ್ಲೇ ಕ್ಯಾಮರಾ ಇಟ್ಟು 'ಸ್ಕಿನಮರಿಂಕ್' ಎಂಬ ಹಾರರ್ ಚಿತ್ರ ಮಾಡಿ 2022ರಲ್ಲಿ ತೋರಿಸಿದರು. ಖರ್ಚು 15,000 ಡಾಲರ್. ನಮ್ಮ ಲೆಕ್ಕದಲ್ಲಿ ಆಗಿನ 12 ಲಕ್ಷ ರೂಪಾಯಿಯ ಆಸುಪಾಸು. ದಾದರಿನಲ್ಲಿ ಇಷ್ಟಕ್ಕೆ ಬಚ್ಚಲಮನೆಯೂ ಬಾರದು. ಕತೆ 1995ರದ್ದು. ನಾಲ್ಕು ವರ್ಷದ ಹುಡುಗ, ಆರು ವರ್ಷದ ಅಕ್ಕ ರಾತ್ರಿ ಎದ್ದು ನೋಡುತ್ತಾರೆ, ಅಪ್ಪ ಇಲ್ಲ. ಕಿಟಕಿ, ಬಾಗಿಲು, ಕೊನೆಗೆ ಕಕ್ಕಸಿನ ಕಮೋಡು ಕೂಡ ಮಾಯವಾಗುತ್ತದೆ. ಇದು ನಡೆಯುವ 100 ನಿಮಿಷವೂ ಕ್ಯಾಮರಾ ನೋಡುವುದು ಗೋಡೆ, ಸೂರು, ಬಾಗಿಲ ಸಂದು, ನೆಲದ ಮೇಲಿನ ಆಟಿಕೆ, ಟಿವಿಯ ನೀಲಿ ಬೆಳಕು. ಮಕ್ಕಳ ಕಾಲು ಕಂಡರೆ ಅದೇ ನಮ್ಮ ಪುಣ್ಯ.

ಚಿತ್ರಮಂದಿರಕ್ಕೆ ಬರುವ ಮೊದಲೇ ಇದು ಆನ್‌ಲೈನ್‌ನಲ್ಲಿ ಸೋರಿತು. ಸೋರಿದ್ದೇ ದೊಡ್ಡ ಪ್ರಚಾರವಾಗಿ 2023ರ ಜನವರಿಯಲ್ಲಿ ಅಮೆರಿಕದಲ್ಲಿ ತೆರೆ ಕಂಡಿತು, 20 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಸೋರಿಕೆಯಿಂದ ಗೋಡೆಗೆ ಒಳ್ಳೆಯದಾದದ್ದನ್ನು ಮುಂಬಯಿಯವರು ಕೇಳಿದ್ದು ಇದೇ ಮೊದಲು.

ಹೆದರಿದವರ ಬಣದ ವಾದ ಹೀಗಿದೆ: "ಇದು ನೋಡುವ ಚಿತ್ರ ಅಲ್ಲ, ಅನುಭವಿಸುವ ಚಿತ್ರ." ಎಂತ ಅನುಭವ ಆಯಿತು ಅಂತ ಕೇಳಿ, "ಅದನ್ನು ಹೇಳಲಿಕ್ಕೆ ಬರುವುದಿಲ್ಲ" ಎನ್ನುತ್ತಾರೆ. ಹೇಳಲಿಕ್ಕೆ ಬಾರದ್ದನ್ನು ಮುಕ್ಕಾಲು ಗಂಟೆ ಹೇಳುತ್ತಾರೆ. ಹೆದರದವರ ಬಣದ್ದು ಒಂದೇ ಮಾತು: "ದುಡ್ಡು ವಾಪಸ್ ಕೊಡಿ." ಇವರಲ್ಲಿ ದುಡ್ಡು ಕೊಟ್ಟು ನೋಡಿದವರು ಯಾರೂ ಇಲ್ಲ.

ಎರಡು ಬಣದವರೂ ನಡುವೆ ನಿದ್ದೆ ಮಾಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಹೆದರದವರು ಅದನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಹೆದರಿದವರು ಸೋಲಲಿಲ್ಲ. ಬಾಲ್ ಅವರು ಮೊದಲು ಜನರ ಕೆಟ್ಟ ಕನಸುಗಳನ್ನು ಕೇಳಿ ಯೂಟ್ಯೂಬಿಗೆ ಕಿರುಚಿತ್ರ ಮಾಡುತ್ತಿದ್ದವರು, ಆದ್ದರಿಂದ ನಿದ್ದೆ ಬಂದವನೇ ನಿಜವಾದ ಪ್ರೇಕ್ಷಕ ಎಂದರು. ಈ ತರ್ಕ ನಮ್ಮ ಸಂಘಗಳಿಗೆ ಮೊದಲೇ ಗೊತ್ತಿದ್ದರೆ ಎಷ್ಟು ಉಪನ್ಯಾಸಕಾರರ ಮಾನ ಉಳಿಯುತ್ತಿತ್ತು!

ಚಿತ್ರಕ್ಕೆ ಬೇಕಾದದ್ದು ಕತ್ತಲೆ ಮತ್ತು ಮೌನ. ಈ ಎರಡನ್ನೂ ಮುಂಬಯಿಯಲ್ಲಿ ಒಟ್ಟಿಗೆ ಎಲ್ಲಿಂದ ತರುವುದು? ಬದ್ಲಾಪುರದಿಂದ ಬರುವ ಯುವಕನೊಬ್ಬ ಇದನ್ನು ಲೋಕಲ್ ಟ್ರೈನಿನಲ್ಲಿ, ಅಂಗೈಯಗಲದ ಪರದೆಯಲ್ಲಿ, ಬೇರೆಯವರ ಮೊಣಕೈಯ ಕೆಳಗಿನಿಂದ ನೋಡಿದ. ಪಿಸುಮಾತಿನ ಸಂಭಾಷಣೆ ಬಂದಾಗಲೆಲ್ಲ 'ಪುಢೀಲ್ ಸ್ಟೇಶನ್' (ಮುಂದಿನ ನಿಲ್ದಾಣ) ಎಂಬ ಹೆಣ್ಣುದನಿ ಕೇಳಿಸಿತು. ಆತ ಬೆಚ್ಚಿಬಿದ್ದದ್ದು ಒಂದೇ ಸಲ, ಕುರ್ಲಾದಲ್ಲಿ ಹತ್ತುವವರು ನುಗ್ಗಿದಾಗ. ದಾದರ್ ಬರುವಷ್ಟರಲ್ಲಿ ಚಿತ್ರಕ್ಕೆ ಅರ್ಧ ನಕ್ಷತ್ರ ಕೊಟ್ಟು ಇಳಿದ.

ಹೋಟೆಲಿನ ಶೆಟ್ರದ್ದು ಬೇರೆಯೇ ಕಣ್ಣು. ಗೋಡೆಯ ಮೇಲೆ ಗೋಡೆ ಬಂದಂತೆಲ್ಲ ಅವರು ಕಾರ್ಪೆಟ್ ಏರಿಯಾ ಲೆಕ್ಕ ಹಾಕುತ್ತಿದ್ದರು. "ಎರಡು ಮಹಡಿ, ಅಷ್ಟುದ್ದದ ಹಜಾರ! ಇಷ್ಟು ಜಾಗ ಇಟ್ಟುಕೊಂಡು ಹೆದರುವುದು ಎಂತಕ್ಕೆ ಮಾರಾಯ್ರೆ, ಒಂದು ಕೋಣೆ ಪೇಯಿಂಗ್ ಗೆಸ್ಟಿಗೆ ಕೊಡಬಾರದಾ?" ಕಮೋಡು ಮಾಯವಾಗುವ ದೃಶ್ಯಕ್ಕೆ ಅಮೆರಿಕದವರು ಉಸಿರು ಬಿಗಿಹಿಡಿದರೋ ಏನೋ, ಗಿರ್ಗಾಂವಿನ ಚಾಳಿನಲ್ಲಿ ನಲವತ್ತು ವರ್ಷ ಕಳೆದ ಧಾರವಾಡದ ರಾಯರು ಮಾತ್ರ ಅಲ್ಲಾಡಲಿಲ್ಲ. "ಅದು ಮನೀ ಒಳಗ ಇದ್ದದ್ದು ಯಾವಾಗ್ರೀ? ಓಣಿ ತುದೀಗೆ ಇತ್ತು. ಮುಂಜಾನೆದ್ದು ಡಬ್ಬಿ ಹಿಡ್ಕೊಂಡು ಪಾಳಿ ನಿಲ್ಲೋದೇ ನಮ್ಮ ಹಾರರ್." ಅವರ ಮನೆಯವರಿಗೆ ಕಾಡಿದ ಸಂಶಯ ಎರಡೇ: ಹುಡುಗರಿಗೆ ಊಟಕ್ಕೆ ಹಾಕುವವರು ಯಾರು, ಮತ್ತು ಲೈಟ್ ಯಾಕ ಹಚ್ಚವಲ್ಲರು. ಇಡೀ ಚರ್ಚೆಯಲ್ಲಿ ಚಿತ್ರದೊಳಗಿನ ಮಕ್ಕಳ ಬಗ್ಗೆ ಯೋಚಿಸಿದವರು ಅವರೊಬ್ಬರೇ ಅಂತ ನನ್ನ ಲೆಕ್ಕ.

ಹೆದರಿಸುವವರು ಹಿಂದೆಯೂ ಕಡಿಮೆ ದುಡ್ಡಿನಲ್ಲೇ ಹೆದರಿಸುತ್ತಿದ್ದರು. ಇದೇ ಮುಂಬಯಿಯ ರಾಮ್ಸೆ ಸಹೋದರರು 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಮಾಡಿದಾಗ ಕ್ಯಾಮರಾ, ಶಬ್ದ, ನಿರ್ದೇಶನವನ್ನೆಲ್ಲ ಅಣ್ಣತಮ್ಮಂದಿರೇ ಹಂಚಿಕೊಂಡಿದ್ದರು. ಮುಖವಾಡ, ಹೊಗೆ, ಹಳೇ ಹವೇಲಿ, ಎಲ್ಲವೂ ಕಣ್ಣೆದುರೇ. ನೋಡಿದವರು ವಡಾಪಾವ್ ತಿಂದು ಮನೆಗೆ ಹೋಗಿ ದೀಪ ಹಚ್ಚಿಟ್ಟು ಮಲಗಿದರು. "ನಿಮಗೆ ಅರ್ಥ ಆಯಿತಾ?" ಅಂತ ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮ ಕನ್ನಡದಲ್ಲೇ 2013ರಲ್ಲಿ '6-5=2' ಬಂತು. ಚಾರಣಕ್ಕೆ ಹೋದವರ ಕ್ಯಾಮರಾದಲ್ಲಿ ಸಿಕ್ಕಿದ ದೃಶ್ಯಗಳು ಎಂದು ಅದನ್ನು ತೋರಿಸಿದರು. ಆಗಲೂ ಜಗಳವಾಯಿತು, ನಿಜವೋ ಸುಳ್ಳೋ ಎಂದು. ಆ ಜಗಳಕ್ಕೆ ಒಂದು ತಲೆಬುಡವಿತ್ತು.

ಈಗಿನ ಜಗಳದಲ್ಲಿ ಚಿತ್ರ ನೆಪ, ಬುದ್ಧಿಯ ಸರ್ಟಿಫಿಕೇಟು ಮುಖ್ಯ. ಹೆದರದಿದ್ದರೆ ನೀವು ದಡ್ಡರು, ಹೆದರಿದರೆ ನೀವು ಪೆದ್ದರು. ಖರ್ಚಿನ ಲೆಕ್ಕವೂ ಹಾಗೆಯೇ. "ಬರೀ 15,000 ಡಾಲರಿನಲ್ಲಿ!" ಎಂದು ಒಬ್ಬರು ಕೈಯೆತ್ತಿ ಮುಗಿಯುತ್ತಾರೆ, ಸೇಲಿನಲ್ಲಿ ಸೀರೆ ಸಿಕ್ಕವರ ಹಾಗೆ. ಗಳಿಕೆಯ ಅಂಕಿಯನ್ನೂ ಅವರೇ ಒಪ್ಪಿಸುತ್ತಾರೆ. ದೊಡ್ಡ ನಟನ ಚಿತ್ರ ಕೋಟಿಗಟ್ಟಲೆ ಗಳಿಸಿದಾಗ "ಕಲೆಕ್ಷನ್ ನೋಡಿ ಕಲೆ ಅಳೆಯಬಾರದು" ಎಂದವರೂ ಅವರೇ. ಎದುರಿನವರಿಗೆ ಅದೇ 15,000 ಬೈಗುಳ: "ಅಷ್ಟಕ್ಕೆ ಒಂದು ಬಲ್ಬಾದರೂ ಬರುತ್ತಿರಲಿಲ್ಲವಾ?"

ನನ್ನ ಮಟ್ಟಿಗೆ ಅದು ಎಪ್ಪತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಒಳ್ಳೆಯ ಚಿತ್ರ. ಚಿತ್ರದಲ್ಲಿ ಕಣ್ಣುಗಳಿರುವ ಒಂದು ಆಟಿಕೆ ಫೋನಿದೆ, ಆ ಕಣ್ಣುಗಳಿಗೆ ನಾನು ಹೆದರಿದ್ದು ನಿಜ, ಉಳಿದ ಗೋಡೆಗಳಿಗೆ ಆಕಳಿಸಿದ್ದೂ ನಿಜ. ಇದನ್ನು ಬಾಯಿಬಿಟ್ಟು ಹೇಳಿದ ದಿನದಿಂದ ಎರಡೂ ಬಣದವರು ನನಗೆ ಕಾಫಿ ಕೇಳುವುದನ್ನು ಬಿಟ್ಟಿದ್ದಾರೆ.

ರಾಜಿಗೆಂದು ಒಂದು ವಿಚಾರ ಸಂಕಿರಣ ನಿಗದಿಯಾಗಿದೆ. ವಿಷಯ: 'ಗೋಡೆ: ಒಂದು ಮರುಚಿಂತನೆ'. ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಿದೆ. ಪದಾಧಿಕಾರಿಗಳೆಲ್ಲರ ಭಾವಚಿತ್ರ, ದಾನಿಗಳೆಲ್ಲರ ಹೆಸರು, ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಆಶಯ ಭಾಷಣ, ಸನ್ಮಾನ, ಸನ್ಮಾನಕ್ಕೆ ಉತ್ತರ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ, ಗೋಳಿಬಜೆ ಸಹಿತ ಉಪಾಹಾರ. ಮುಖ್ಯ ಅತಿಥಿಗಳು ಚಿತ್ರ ನೋಡಿಲ್ಲ, ಟ್ರೈಲರ್ ಇದ್ದರೆ ಕಳಿಸಿ ಅಂದಿದ್ದಾರಂತೆ. ಪತ್ರಿಕೆಯ ತಳದಲ್ಲಿ, ಕನ್ನಡಕ ಹಾಕಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಸಮಯಾವಕಾಶವಿದ್ದಲ್ಲಿ ಚಿತ್ರ ಪ್ರದರ್ಶಿಸಲಾಗುವುದು.